ಚಿಂದಿ ಡೈರಿ 7: ಆಯಿಯ ಸೀರೆ, ನಡುಮನೆಯ ಪರದೆ

1/6

ಪರದೆ ಮುಗೀತು! ಮೊದಲ ಫೋಟೋದಲ್ಲಿ ಕಾಣ್ತಿರೋದು ಅದೇ. ನವಿಲು ಹಸಿರು ಒಡಲು, ಅಂಚಿಗೆ ಗೋಮಿ ದಡಿ, ನಡುವೆ ದಾಟಿ ಹೋಗೋಕೆ ಸೀಳು. ಹೋದ ವಾರ ದಿಂಬಿನ ಕವರ್ ಹಾಕಿದಾಗ ನಮ್ಮ ಕ್ಲಾಸಿನ ನಾಲ್ಕೈದು ಜನ "ಪರದೆ ಹೆಂಗ ಮಾಡೋದು ಅದನ್ನೂ ಹೇಳಲೇ" ಅಂದಿದ್ರಿ. ಹೇಳ್ತೀನಿ. ಕತ್ತರಿ, ಅಳತೆ, ಹೊಲಿಗೆ ಎಲ್ಲ 4ನೇ ಭಾಗದಿಂದ ಶುರು. ಅವಸರ ಇರೋರು ಸೀದಾ ಅಲ್ಲಿಗೆ ಹೋಗಿ, ಬೇಜಾರಿಲ್ಲ.

ಆದರೆ ಒಂದು ಮಾತು. ಇದನ್ನ ಹೊಲಿಯೋಕೆ ನನಗೆ ಹಿಡಿದದ್ದು ಎರಡು ದಿನ. ಯಾವ ಸೀರೆಗೆ ಕತ್ತರಿ ಹಾಕಬೇಕು ಅನ್ನೋದು ತೀರ್ಮಾನ ಆಗೋಕೆ ಹಿಡಿದದ್ದು ಮೂರು ವಾರ. "ಹಳೇ ಸೀರೆಯಿಂದ ಹೊಸ ಪರದೆ, 30 ಸೆಕೆಂಡ್‌ನಲ್ಲಿ" ಅನ್ನೋ ರೀಲ್‌ಗಳನ್ನ ನಾನೂ ನೋಡ್ತೀನಿ, ಸೇವ್ ಮಾಡ್ತೀನಿ. ಅವುಗಳಲ್ಲಿ ಸೀರೆ ಆಗಲೇ ಟೇಬಲ್ ಮೇಲೆ ಇರುತ್ತೆ. ಅದು ಯಾರದು, ಅವರನ್ನ ಕೇಳಿದ್ರಾ, ಕೇಳಿದಾಗ ಅವರು ಏನಂದ್ರು, ಅದು ಮಾತ್ರ ಬರೋದಿಲ್ಲ. ನಮ್ಮನೇಲಿ ನಡೆದದ್ದೆಲ್ಲ ಅದೇ.

2/6

ನಮ್ಮದು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ. ನಡುಮನೆ, ಒಳಕೋಣೆ, ಅಡುಗೆಮನೆ. ಇರೋದು ನಾಲ್ಕು ಜನ: ಅವ್ವ, ನಾನು, ತಮ್ಮ, ಆಯಿ. (ಮೈಸೂರು ಕಡೆಯವರಿಗೆ: ಆಯಿ ಅಂದ್ರೆ ಅವ್ವನ ಅವ್ವ, ಅಜ್ಜಿ.) ನಡುಮನೆಗೂ ಒಳಕೋಣೆಗೂ ಮಧ್ಯೆ ಕಟ್ಟಿಗೆ ಚೌಕಟ್ಟು ಇದೆ, ಬಾಗಿಲಿಲ್ಲ. ಮಾಲೀಕರಿಗೆ ಎರಡು ಸಲ ಹೇಳಿದ್ವಿ. "ನೋಡೋಣ" ಅಂದ್ರು. ನೋಡ್ತಾನೇ ಇದ್ದಾರೆ.

ತಮ್ಮ ಸೆಕೆಂಡ್ ಪಿಯುಸಿ. ರಾತ್ರಿ ಒಂದರವರೆಗೂ ನಡುಮನೆಯಲ್ಲಿ ಲೈಟ್ ಹಾಕ್ಕೊಂಡು ಓದ್ತಾನೆ, ಅಲ್ಲೇ ಮಲಗ್ತಾನೆ. ಬಚ್ಚಲು ಒಬ್ಬರು ನಿಂತರೆ ಮುಗೀತು, ನೆಲ ಸದಾ ಒದ್ದೆ. ಆಯಿ ಉಡೋದು ಎಂಟು ವಾರಿ ಸೀರೆ. ಅಲ್ಲಿ ನಿಂತು ನೆರಿಗೆ ಹಿಡಿಯೋಕೆ ಆಗಲ್ಲ, ಜಾರಿ ಬಿದ್ದರೆ ಅನ್ನೋ ಭಯ ಬೇರೆ. ಹಂಗಾಗಿ ಆಯಿ ದಿನಾ ನಾಲ್ಕೂವರೆಗೆ ಎದ್ದು, ಮೊಮ್ಮಗ ಏಳೋದರೊಳಗೆ, ಒಳಕೋಣೆ ಮೂಲೆಯಲ್ಲಿ ಕತ್ತಲಲ್ಲೇ ಸೀರೆ ಉಡ್ತಿದ್ದಳು. ಕಣ್ಣಿನ ಪೊರೆ ಆಪರೇಶನ್ ಆದ ಮೇಲೂ ಹಂಗೇ. ನನಗಿದು ಗೊತ್ತಾಗಿದ್ದು ಇಂಟರ್ನಲ್ಸ್ ಟೈಮಲ್ಲಿ ಆ ಹೊತ್ತಿಗೆ ಅಲಾರಾಂ ಇಟ್ಟಾಗ. ಲೈಟ್ ಹಾಕೋಕೆ ಹೋದೆ. "ಬ್ಯಾಡ, ತಡಿ, ಲೈಟ್ ಹಚ್ಚಬ್ಯಾಡ" ಅಂದಳು. ಅಷ್ಟೇ. ಮತ್ತೇನೂ ಹೇಳಲಿಲ್ಲ.

ಹಂಗಂತ ನಮ್ಮಲ್ಲಿ ಪರದೆ ಇರಲಿಲ್ಲ ಅಂತಲ್ಲ. ಅವ್ವ ಸಂತೆಯಲ್ಲಿ ತಂದ ಪಾಲಿಯೆಸ್ಟರ್ ಪರದೆ ಇತ್ತು, ಹೂವಿನದು. ಫ್ಯಾನ್ ಹಾಕಿದ್ರೆ ಸೊಂಟದೆತ್ತರಕ್ಕೆ ಹಾರೋದು. ಒಳಗೆ ಲೈಟ್ ಹಾಕಿದ್ರೆ ಹೊರಗೆ ಎಲ್ಲ ನೆರಳಿನ ಹಾಗೆ ಕಾಣೋದು. ಇದ್ದೂ ಇಲ್ಲದ ಹಾಗೆ. ಹೋಮ್ ಡೆಕೋರ್ ಅಂತ ಹ್ಯಾಶ್‌ಟ್ಯಾಗ್ ಹಾಕೋವಾಗ ನನಗೆ ಸ್ವಲ್ಪ ನಗು ಬರುತ್ತೆ. ಬಾಗಿಲಿಲ್ಲದ ಮನೆಯಲ್ಲಿ ಪರದೆ ಅಲಂಕಾರ ಅಲ್ಲ, ಅದೇ ಬಾಗಿಲು.

3/6

ದಪ್ಪ ಕಾಟನ್ ಬಟ್ಟೆ ಕೊಂಡರಾಯ್ತು ಅಂತ ನಾನು. ಆಯಿ ಟ್ರಂಕ್‌ನಲ್ಲಿ ಏಳು ಇಲಕಲ್ ಸೀರೆ ಕೂತಿವೆ, ಅವನ್ನ ಆಕೆ ಉಡೋದೂ ಇಲ್ಲ, ಅಂತ ತಮ್ಮ. ಅವ್ವನಿಗೆ ಸಿಟ್ಟು ಬಂತು. "ನನ್ನವ್ವ ಕಣ್ಣ ಮುಂದ ಕುಂತಾಳ. ಆಕಿ ಉಟ್ಟ ಸೀರಿ ಕತ್ತರಸ್ತೀರೇನು? ಕೇಳಾಕ ನನಗ ಬಾಯಿ ಬರೂದಿಲ್ಲ."

ನಾನು ಅವ್ವನ ಮಾತನ್ನ ಸುಮ್ಮನೆ ತಳ್ಳಿ ಹಾಕಲ್ಲ. ನಮ್ಮ ಕಡೆ ಸೀರೆ ಸುಮ್ಮನೆ ಬಟ್ಟೆ ಅಲ್ಲ. ಉಡಿ ತುಂಬಿದ್ದು, ತವರಿಂದ ಬಂದದ್ದು, ಯಾರೋ ಹಬ್ಬಕ್ಕೆ ಕೊಟ್ಟದ್ದು. ಆದ್ರೆ ಅದೇ ಅವ್ವ ರಾತ್ರಿ ಹೊದ್ದುಕೊಳ್ಳೋದು ಏನನ್ನ? ಕೌದಿ. ಕೌದಿ ಅಂದ್ರೆ ಹಳೇ ಸೀರೆ, ಧೋತರ, ಜಂಪರ ಚೂರುಗಳನ್ನ ಪದರ ಪದರ ಹಾಸಿ, ಅಂಚಿನಿಂದ ಒಳಗೆ ಹೊಲಿಗೆ ಗೆರೆ ಎಳೀತಾ ಬಂದದ್ದು. ಉತ್ತರ ಕರ್ನಾಟಕದ ಯಾವ ಮನೆ ಅಟ್ಟ ನೋಡಿದ್ರೂ ಒಂದಾದರೂ ಸಿಗುತ್ತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದ್ ಕೂಡ ಇದೇ ಜಾತಿಯದು. ಅವರದ್ದಕ್ಕೆ ನಾಲ್ಕೂ ಮೂಲೆಗೆ ಬಟ್ಟೆಯನ್ನ ಪದರ ಪದರವಾಗಿ ತ್ರಿಕೋನ ಮಡಚಿ ಹೂವು ಕೂರಿಸ್ತಾರೆ. ಇವತ್ತು ಅವು ಪ್ರದರ್ಶನಗಳಿಗೆ ಹೋಗ್ತವೆ, ವಿದೇಶಕ್ಕೂ ಹೋಗಿವೆ. ಅಂದ್ರೆ ಕತ್ತರಿಸೋದು ನಮ್ಮಲ್ಲಿ ಎಂದೂ ಅವಮಾನ ಆಗಿರಲಿಲ್ಲ. ಆದರೆ ಕತ್ತರಿ ಇರ್ತಿದ್ದದ್ದು ಮನೆ ಹಿರಿ ಹೆಂಗಸಿನ ಕೈಲಿ. ಯಾವುದು ಚಿಂದಿ, ಯಾವುದು ಅಲ್ಲ ಅಂತ ಹೇಳೋಳು ಆಕೆ. ಮೊಮ್ಮಕ್ಕಳು ಮೊಬೈಲ್ ನೋಡಿ ಹೇಳ್ತಿರಲಿಲ್ಲ!

ಕೊನೆಗೆ ಕೇಳಿದವಳು ನಾನು. ಸಂಜೆ ಚಹಾ ಕುಡೀತಿದ್ದಳು. "ಆಯಿ, ಒಳಕೋಣಿಗೆ ಗಟ್ಟಿ ಪರದೆ ಹೊಲೀಬೇಕು. ನಿನ್ನ ಸೀರ್‍ಯಾಗ ಒಂದು ಕೊಡ್ತೀ ಏನು?" ಅಂದೆ.

"ಒಂದ್ಯಾಕ? ಟ್ರಂಕ್ ತಗೊಂಬಾ" ಅಂದಳು.

ಏಳು ಸೀರೆಗಳನ್ನ ಕೌದಿ ಮೇಲೆ ಹಾಸಿ ಮೂರು ಗುಂಪು ಮಾಡಿದಳು. ಮೊದಲ ಗುಂಪು, ಎರಡು ಸೀರೆ: "ಇವು ನಿಂದು, ಏನರ ಮಾಡ್ಕೋ." ಎರಡನೇದು, ನಾಲ್ಕು: ಒಂದು ಅವ್ವನಿಗೆ, ಎರಡು ಮಾವಶಿಯರಿಗೆ, ಒಂದು ನನ್ನ ಮದುವೆಗೆ. (ಕಾಮೆಂಟ್‌ನಲ್ಲಿ ಶುರು ಮಾಡ್ಬೇಡಿ ಪ್ಲೀಸ್.) ಮೂರನೇದರಲ್ಲಿ ಒಂದೇ ಒಂದು. ದಾಳಿಂಬೆ ಕೆಂಪು, ಇನ್ನೂ ಗಂಜಿ ಬಿಟ್ಟಿಲ್ಲ, ಮಡಿಕೆ ಬಿಚ್ಚಿಲ್ಲ. ಅದನ್ನ ಹೊರಗೆ ಹಾಸಲೂ ಇಲ್ಲ. ಟ್ರಂಕ್ ತಳದಲ್ಲಿ ಕೈಯಿಂದ ಮುಟ್ಟಿ ತೋರಿಸಿದಳು.

"ಇದನ್ನ ಮುಟ್ಟಬ್ಯಾಡ್ರಿ. ಇದು ನನಗ ಹೊದಿಸಾಕ."

ಅವ್ವ ಎದ್ದು ಅಡುಗೆಮನೆಗೆ ಹೋದಳು. ಆಯಿ ಆ ಕಡೆ ನೋಡಿ, ಹಬ್ಬದ ಸಾಮಾನಿನ ಚೀಟಿ ಓದಿ ಹೇಳೋ ಹಾಗೆ ಹೇಳಿದಳು: "ಅದರಾಗೇನೈತಿ ಅಳೂದು? ಆ ಹೊತ್ತಿನ್ಯಾಗ ನೀವು ಟ್ರಂಕ್ ತೆಗದು ಹುಡುಕ್ಯಾಡಬಾರದು ಅಂತ ಹೇಳಾಕತ್ತೀನಿ."

ನಮಗೆ ಮೂರು ವಾರ ಕೇಳೋಕೆ ಧೈರ್ಯ ಇರಲಿಲ್ಲ. ಆಕೆ ಎಲ್ಲ ಲೆಕ್ಕ ಯಾವತ್ತೋ ಹಾಕಿ ಇಟ್ಟಿದ್ದಳು. ಅವ್ವ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮೂರನೇ ಗುಂಪಿನ ಬಗ್ಗೆ ಮನೆಯಲ್ಲಿ ಆಮೇಲೆ ಯಾರೂ ಮಾತಾಡಿಲ್ಲ. ಇಲ್ಲಿ ಬರೀತೀನಿ ಅಂತ ಆಯಿಗೆ ಹೇಳಿದೆ. "ಬರಿ, ಆದರ ಫೋಟೋ ತಗೀಬ್ಯಾಡ" ಅಂದಳು. ಅದಕ್ಕೇ ಮೂರನೇ ಸ್ಲೈಡ್‌ನಲ್ಲಿ ಟ್ರಂಕ್ ಮುಚ್ಚಿದೆ.

4/6

ಈಗ ಕೆಲಸದ ಮಾತು. ಹಳೇ ಸೀರೆ ಗಟ್ಟಿ ಇದೆಯೋ ಇಲ್ಲವೋ ಅಂತ ನೋಡೋಕೆ ಕಿಟಕಿ ಬೆಳಕಿಗೆ ಹಿಡಿಯಿರಿ. ಎಲ್ಲಿ ನೂಲು ತೆಳುವಾಗಿದೆಯೋ ಅಲ್ಲಿ ಜರಡಿ ಥರ ಕಾಣುತ್ತೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. "ಟರ್" ಅಂದ್ರೆ ಅದು ಪರದೆಗಲ್ಲ, ಕೌದಿ ಒಳಪದರಕ್ಕೆ. ಆಯಿ ಸೀರೆಯಲ್ಲಿ ಸವೆದದ್ದು ಕೂರುವಾಗ ಜಗ್ಗೋ ಜಾಗ, ನೆಲಕ್ಕೆ ಉಜ್ಜೋ ದಡಿ. ಎಲ್ಲಕ್ಕಿಂತ ಗಟ್ಟಿ ಇದ್ದದ್ದು ಮೊದಲು ಸೊಂಟಕ್ಕೆ ಸುತ್ತೋ ಒಳತುದಿ. ಅದು ಬಿಸಿಲೇ ಕಂಡಿಲ್ಲ, ಅದರ ಹಸಿರು ಬೇರೆಯೇ. 4ನೇ ಫೋಟೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೀನಿ, ಒಂದೇ ಸೀರೆ ಅಂದ್ರೆ ನಂಬಲ್ಲ ನೀವು.

ಸೆರಗು ಕತ್ತರಿಸಬಾರದು ಅಂತ ಆಯಿಯ ಒಂದೇ ಕರಾರು. ಆಯಿ ತವರು ಇಲಕಲ್ಲು, ಸಣ್ಣಾಕಿ ಇದ್ದಾಗ ಕಂಡಿಕೆ ಸುತ್ತಿದಾಕೆ. ಕಾರಣಾನೂ ಆಕೆಯೇ ಹೇಳಿದಳು. ಇಲಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿದ ಮೇಲೇ ಸೆರಗು ನೇಯೋದು. ತೋಪು ತೆನೆ ಅಂತಾರಲ್ಲ, ಕೆಂಪು ಸೆರಗಿನಲ್ಲಿ ಬಿಳಿ ಹಣಿಗೆ, ಕೋಟೆ, ಜೋಳದ ತೆನೆಯ ಥರ ಕಾಣೋ ನೇಯ್ಗೆ, ಅದು ಇದೇ. ಈ ಕೂಡಿಸೋ ಕೆಲಸ ಒಂದೊಂದು ಸೀರೆಗೂ ಹೊಸದಾಗಿ ಆಗಬೇಕು. ಕೂಡಿದ ಗೆರೆ ಮೇಲೆ ಕತ್ತರಿ ಹಾಕಿದ್ರೆ ಕೊಂಡಿ ಬಿಚ್ಚಿ ಎಳೆ ಉದುರುತ್ತೆ. ಅದಕ್ಕೇ ಗೆರೆಯಿಂದ ನಾಲ್ಕು ಬೆರಳು ಒಡಲಿನ ಕಡೆ ಬಿಟ್ಟು ಕತ್ತರಿಸಿ, ಆ ತುದಿಯನ್ನ ಕೂಡಲೇ ಮಡಚಿ ಹೊಲಿದು ಇಟ್ಟೆ. ಇನ್ಯಾವ ಇಲಕಲ್‌ಗೆ ನೀವು ಕತ್ತರಿ ಹಾಕಿದ್ರೂ ಈ ನಾಲ್ಕು ಬೆರಳು ನೆನಪಿರಲಿ.

ಮತ್ತೆ, ಯಾರೋ ಡಿಎಂನಲ್ಲಿ ಕೇಳಿದ್ರು, ಹೊಸ ಗುಳೇದಗುಡ್ಡ ಖಣ ತಂದು ಟೇಬಲ್ ರನ್ನರ್, ತೋರಣ ಮಾಡೋದು ತಪ್ಪಾ ಅಂತ. ಅಯ್ಯೋ, ಧಾರಾಳವಾಗಿ ಮಾಡಿ. ಕೊಂಡರೆ ಮಗ್ಗ ನಡೆಯುತ್ತೆ. ಕೊಳ್ಳೋವಾಗ ಅದು ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಕೇಳಿ, ಅಷ್ಟೇ.

5/6

ಅಳತೆ. ನಮ್ಮ ಚೌಕಟ್ಟು 3 ಅಡಿ ಅಗಲ, 7 ಅಡಿ ಎತ್ತರ. ಪರದೆ ನೆರಿಗೆ ಬಿದ್ದು ನಿಲ್ಲಬೇಕಂದ್ರೆ ಬಟ್ಟೆಯ ಅಗಲ ಬಾಗಿಲ ಅಗಲದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಈ ಸೀರೆಯ ಅಗಲ ಸುಮಾರು 4 ಅಡಿ. ಒಂದೇ ತುಂಡು ತೂಗಿಹಾಕಿದ್ರೆ ಬಿಗಿಯಾಗಿ ಹಾಳೆ ಥರ ನಿಲ್ಲುತ್ತೆ, ಪಕ್ಕದಲ್ಲಿ ಸಂದು ಬಿಡುತ್ತೆ. ಅದಕ್ಕೇ ಎರಡು ತುಂಡು. ಸೀರೆಯ ಉದ್ದವೇ ಪರದೆಯ ಎತ್ತರ, ಹಂಗಾಗಿ ದಡಿ ತಾನಾಗೇ ಎರಡೂ ಪಕ್ಕ ಬರುತ್ತೆ, ಪಕ್ಕ ಮಡಚೋ ಕೆಲಸ ಉಳೀತು.

ಒಂದೊಂದು ತುಂಡು 7 ಅಡಿ 7 ಇಂಚು. ಮೇಲೆ ರಾಡ್ ತೂರಿಸೋಕೆ 4 ಇಂಚು, ಕೆಳಗೆ ಮಡಚೋಕೆ 4 ಇಂಚು, ನೆಲದಿಂದ ಒಂದು ಇಂಚು ಮೇಲೆ ನಿಲ್ಲುತ್ತೆ. ಎರಡಕ್ಕೆ 15 ಅಡಿ 2 ಇಂಚು. ಎಂಟು ವಾರಿ ಅಂದ್ರೆ 24 ಅಡಿ. ಸೆರಗಿನ ಭಾಗ 3 ಅಡಿ ತೆಗೆದೆ, ಸವೆದ ಭಾಗ ಇನ್ನೊಂದು 3 ಅಡಿ ಹೋಯ್ತು, ಆದ್ರೂ ಎರಡೂಮುಕ್ಕಾಲು ಅಡಿ ಉಳೀತು. ಕತ್ತರಿ ಹಾಕೋ ಮೊದಲು ಈ ಲೆಕ್ಕವನ್ನ ಒಂದು ಹಾಳೆಯಲ್ಲಿ ಚಿತ್ರ ಮಾಡ್ಕೊಳ್ಳಿ.

ಬೆಳಕು ಹಾಯದ ಹಾಗೆ ಹಿಂದೆ ಅಸ್ತರ್ ಬೇಕು. ನಾನು ಹಾಕಿದ್ದು ಕೋರಾ ಬಟ್ಟೆ. ಹೊಸ ಕೋರಾ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ, ಹಳೇ ಸೀರೆ ಕುಗ್ಗಲ್ಲ, ಹಂಗೇ ಕೂಡಿಸಿ ಹೊಲಿದ್ರೆ ಆಮೇಲೆ ಪರದೆ ಮುದುಡಿಕೊಳ್ಳುತ್ತೆ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಸೀರೆ ಬಣ್ಣ ಬಿಡುತ್ತಾ ಅಂತ ನೋಡೋಕೆ ಒದ್ದೆ ಬಿಳಿ ಕರ್ಚೀಫನ್ನ ದಡಿ ಮೇಲೆ ಒತ್ತಿ ಹಿಡೀರಿ. ಅಸ್ತರನ್ನ ಮೇಲ್ಗಡೆ ಮತ್ತು ಪಕ್ಕಕ್ಕೆ ಮಾತ್ರ ಹೊಲಿದು, ಕೆಳಗೆ ಬಿಡಿ ಬಿಡಿ. ಎರಡೂ ಬಟ್ಟೆ ತಮ್ಮ ಪಾಡಿಗೆ ಇಳಿಬಿದ್ದರೆ ಸುಕ್ಕು ಬರಲ್ಲ.

ಮಿಶನ್ ಇಲ್ಲದವರು ಕೈಯಲ್ಲೇ ಹೊಲೀಬಹುದು, ನೇರ ಹೊಲಿಗೆ ಸಾಕು. ಗ್ಲೂ ಗನ್ ಮಾತ್ರ ಬೇಡ. ರೀಲ್‌ನಲ್ಲಿ ಚಂದ ಕಾಣುತ್ತೆ, ಆದ್ರೆ ಅಂಟು ಗಟ್ಟಿಯಾಗಿ ಬಟ್ಟೆ ಇಳಿಬೀಳೋದಿಲ್ಲ, ಬಿಸಿ ಇಸ್ತ್ರಿ ತಾಗಿದ್ರೆ ಕರಗುತ್ತೆ.

ಫ್ಯಾನಿಗೆ ಹಾರೋ ಸಮಸ್ಯೆಗೆ ಔಷಧಿ ಆಯಿಯದು. ಕೆಳಗಿನ ಮಡಿಕೆಯೊಳಗೆ, ಎರಡೂ ಮೂಲೆಗೆ ನಾಲ್ಕು ನಾಲ್ಕು ನಾಲ್ಕಾಣೆ ಹಾಕಿ ಹೊಲಿದ್ವಿ. 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯ್ತಲ್ಲ, ಆಯಿ ಹತ್ತಿರ ಒಂದು ಡಬ್ಬಿ ತುಂಬ ಇದ್ವು. ಒಟ್ಟು ನಾಲ್ಕು ರೂಪಾಯಿ. "ನಮ್ಮ ಪರದೇಕ ಬೆಲಿ ಬಂತು" ಅಂತ ಆಕೆಯೇ ನಕ್ಕಳು. ಒಗೆಯೋ ಮೊದಲು ನಾಣ್ಯ ತೆಗೆಯೋಕೆ ಬರೋ ಹಾಗೆ ಮೂಲೆ ಹೊಲಿಗೆ ಸಡಿಲ ಇಡಿ.

ರಾಡ್‌ಗೆ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಬಾಡಿಗೆ ಮನೆ. ಚೌಕಟ್ಟಿನ ಒಳಗೆ ಬಿಗಿಯಾಗಿ ಕೂರೋ ಸ್ಪ್ರಿಂಗ್ ರಾಡ್ ಸಿಗುತ್ತೆ, ತಿರುಗಿಸಿದ್ರೆ ಉದ್ದ ಆಗೋದು. ಅಸ್ತರ್ ಹಾಕಿದ ಪರದೆ ಭಾರ ಇರುತ್ತೆ, ತೆಳು ರಾಡ್ ತಗೊಳ್ಬೇಡಿ.

6/6

ಆಯಿ ಈಗ ತಡವಾಗಿ ಏಳ್ತಾಳಾ ಅಂತ ಕೇಳ್ಬೇಡಿ. ಈಗಲೂ ನಾಲ್ಕೂವರೆಗೇ. ಆದರೆ ಲೈಟ್ ಹಾಕ್ತಾಳೆ. ಕನ್ನಡಿ ಮುಂದೆ ನಿಂತು ನೆರಿಗೆ ಎಣಿಸ್ತಾಳೆ, ಒಮ್ಮೊಮ್ಮೆ ನನ್ನ ನಿದ್ದೆ ಕೆಡಿಸಿ "ಹಿಂದ ದಡಿ ಸಮ ಐತೇನು ನೋಡು" ಅಂತಾಳೆ. ತಮ್ಮ ಆ ಕಡೆ ಗೊರಕೆ.

ಸೆರಗನ್ನ ಅವ್ವ ತನ್ನ ಅಲಮಾರಿಯಲ್ಲಿ ಇಟ್ಟುಕೊಂಡಿದ್ದಾಳೆ. ಏನು ಮಾಡ್ತಾಳೋ ಹೇಳಿಲ್ಲ, ನಾನೂ ಕೇಳಿಲ್ಲ. ಎರಡೂಮುಕ್ಕಾಲು ಅಡಿ ತುಂಡಿಗೆ ತಮ್ಮ ಲ್ಯಾಪ್‌ಟಾಪ್ ಚೀಲ ಬೇಕು ಅಂತಿದ್ದಾನೆ, ಆಯಿ ದೇವರ ಕೋಣೆಗೆ ಹಾಸು ಅಂತಿದ್ದಾಳೆ. ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲ, ಹಂಗಾಗಿ ಆಯಿ ಗೆಲ್ಲೋ ಲಕ್ಷಣ. ಮೊದಲ ಗುಂಪಿನ ಎರಡನೇ ಸೀರೆ ಪೂರ್ತಿ ಜರಡಿ, ಅದು ಕೌದಿಗೆ. ಆಯಿ ದಬ್ಬಣ ಹುಡುಕಿ ಇಟ್ಟಿದ್ದಾಳೆ, ಪೋಣಿಸೋದು ನನ್ನ ಕೆಲಸ. ಮುಂದಿನ ಕಂತು ಅದೇ.