ಮಾರಿ ಫೋಟೋ, ಗ್ವಾಡಿ ಫೋಟೋ

2019ರ ಶ್ರಾವಣ ಯಾರೂ ಮರಿಯೂ ಹಂಗಿಲ್ಲ. 2019ರ ಆಗಸ್ಟಿನಾಗ ಖಾನಾಪುರದ ಕಡೆ ಘಟ್ಟದಾಗ ಹಿಡದ ಮಳಿ ಬಿಡಲೇ ಇಲ್ಲ. ಕಣಕುಂಬಿಯೊಳಗ ಹುಟ್ಟೋ ಮಲಪ್ರಭಾ ತುಂಬಿ ಬಂದ್ಲು, ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ರು. ಬ್ಯಾಸಗ್ಯಾಗ ಬರೇ ಉಸುಕು ಕಾಣೋ ಹೊಳಿ ಊರೂರೊಳಗ ಹೊಕ್ಕಿತು. ಪಟ್ಟದಕಲ್ಲಿನ ಗುಡಿಗೋಳು ಸುದ್ದಾ ನೀರಾಗ ನಿಂತವು. ನಾವು ಓಣ್ಯಾಗಿನವ್ರೆಲ್ಲಾ ಕೂಡಿ ಕಟಕ ರೊಟ್ಟಿ ಬಡದು, ಸೆಂಗಾ ಹಿಂಡಿ ಕುಟ್ಟಿ ಚೀಲ ತುಂಬಿ ಕಳಿಸಿದ್ದು ನಿಮಗ ನೆನಪದ ಅಲ್ಲ?

ರೊಟ್ಟಿ ಹೋದ ಮ್ಯಾಲೆ ಆ ಊರಾಗ ಏನಾತು ಅನ್ನೋದು ನನಗ ಗೊತ್ತಾಗಿದ್ದು ನಮ್ಮ ಮೈದುನನ ಮಗಳ ನೋಟಬುಕ್ಕಿನಿಂದ. ಗಣಪತಿ ಹಬ್ಬ ಮುಗದ ಮ್ಯಾಲೆ ಆಕಿ ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗ್ಯಾರು ನರಗುಂದ ತಾಲ್ಲೂಕಿನ ಒಂದು ಹೊಳಿ ದಂಡಿ ಊರಿಗೆ ಏಳು ದಿವಸದ ಕ್ಯಾಂಪಿಗೆ ಹೋಗಿದ್ರು. ದಿನಾ ಮಾಡಿದ ಕೆಲಸ ಬರೀಬೇಕು, ಫೋಟೋ ತಗೀಬೇಕು, ಆಮ್ಯಾಲೆ ಎಲ್ಲಾ ಕೂಡಿಸಿ ರಿಪೋರ್ಟ್ ಕೊಡಬೇಕು.

ಮೊದಲ ಎರಡು ದಿವಸ ಬರೇ ರಾಡಿ. ಎರಿ ಮಣ್ಣು ಎಂಥಾದ್ದಂತ ನಿಮಗ ಹೇಳೋದೇನದ? ಹಸೀ ಇದ್ದಾಗ ಸಲಿಕಿ ಬಿಡೂದಿಲ್ಲ, ಒಣಗಿದ್ರ ಕಲ್ಲಾಗತದ. ಅಡಗಿ ಮನ್ಯಾಗಿಂದು, ಸಾಲ್ಯಾಗಿಂದು ನೀರು ಹೊಡದು ನೆನಸಿ ನೆನಸಿ ತಗದಾರ. ಹಗೇವಿನಾಗಿನ ಜ್ವಾಳ ಕೊಳತು ಓಣಿ ತುಂಬ ನಾತ. ಒಬ್ಬ ಹುಡುಗ ಹಗೇವಿನ ಬಾಯಿ ತಗದು ಇಳೀಲಿಕ್ಕೆ ಹೋದ್ರ ಊರಿನ ಹಿರ್ಯಾರು ಕೈ ಹಿಡದು ಎಳದ್ರಂತ. ಒಳಗ ಕೆಟ್ಟ ಗಾಳಿ ತುಂಬಿರತದ, ಇಳದಾಂವ ಮ್ಯಾಲೆ ಬರೂದಿಲ್ಲ ಅಂದ್ರಂತ. ಇದು ಯಾವ ಪುಸ್ತಕದಾಗೂ ಅವರಿಗೆ ಕಲಿಸಿರಲಿಲ್ಲ.

ಮೂರನೇ ದಿವಸ ಬಿದ್ದ ಮನಿಗೋಳ ಮುಂದ ಮನಿಯವ್ರನ್ನ ನಿಲ್ಲಿಸಿ ಫೋಟೋ ತಗಿಯೋ ಕೆಲಸ. ಒಬ್ಬಾಕಿ ನಡುವಯಸ್ಸಿನ ಹೆಣ್ಣಮಗಳು ಸೆರಗು ಮಾರಿಗೆ ಅಡ್ಡ ಹಿಡದು ಹೇಳಿದ್ಲಂತ, "ಯವ್ವಾ, ಬಂದಾವ್ರೆಲ್ಲಾ ನನ್ನ ಮಾರಿ ತಗೊಂಡು ಹೋಗ್ಯಾರ. ನನ್ನ ಗ್ವಾಡಿ ಯಾರೂ ತಗದಿಲ್ಲ."

ಗ್ವಾಡಿ ಕಥಿ ಹಿಂಗದ. ಸರ್ವೆದವ್ರು ಬಂದಾಗ ಆಕಿ ಮನಿ ನಿಂತಿತ್ತು. ಬಿರುಕು ಬಿಟ್ಟದ ಅಷ್ಟ ಅಂತ ‘ಸಿ’ ಪಟ್ಟಿಯೊಳಗ ಬರಕೊಂಡು ಹೋದ್ರು. ಆದ್ರ ಮಣ್ಣಿನ ಗ್ವಾಡಿ ಎಲ್ಲಾ ಸಲ ನೀರಾಗ ಬೀಳೂದಿಲ್ಲ, ಕೆಲವೊಮ್ಮೆ ನೀರು ಕುಡದು ನಿಲ್ಲತದ; ಬಿಸಲು ಬಿದ್ದು ಒಣಗಲಿಕ್ಕೆ ಹತ್ತಿದಾಗ ಹೆಂಟಿ ಹೆಂಟಿಯಾಗಿ ಉದರತದ. ನಮ್ಮ ಹಳೇ ಮ್ಯಾಳಗಿ ಮನಿಗೋಳು ಕಂಡಾವ್ರಿಗೆ ಇದು ಹೊಸಾದಲ್ಲ. ಹಿತ್ತಲ ಗ್ವಾಡಿ ಎಂಟು ದಿವಸಕ್ಕ ಕುಸದು, ಮ್ಯಾಳಗಿ ಜೋಲಿ ಹೊಡದಿತ್ತು. ಪೂರ್ತಿ ಬಿದ್ದ ಮನಿಗೆ ಸರಕಾರ ಆಗ 5 ಲಕ್ಷ ಅಂದಿತ್ತು. ಕಾಗದದಾಗ ಆಕಿ ಮನಿ ಇನ್ನೂ ನಿಂತದ. ಮೊದಲ ಬಂದ 10,000 ರೂಪಾಯಿ ಕಾಳು ಕಡಿ, ಪಾತ್ರಿ ಪಗಡಕ್ಕ ಹೋಗಿತ್ತು.

ಅವತ್ತಿನಿಂದ ಹುಡುಗ್ಯಾರು ಫೋಟೋ ತಗಿಯೋ ರೀತಿ ಬದಲಾತು. ನೀರಿನ ಗುರ್ತಿನ ಬಾಜೂಕ ಟೇಪ್ ಹಿಡದು ಒಂದು, ಬಾಗಲದ ಮ್ಯಾಲಿನ ಮನಿ ನಂಬರಿಂದು ಒಂದು, ಮುಂದಿಂದು, ಹಿಂದಿಂದು, ತೊಲಿ ಮುರದದ್ದು ಒಂದು. ತಾರೀಖು ಬರದು, ಪ್ರಿಂಟ್ ಹಾಕಿಸಿ ಮನಿಯವ್ರ ಕೈಯಾಗೂ ಒಂದೊಂದು ಪ್ರತಿ. ರೇಶನ್ ಕಾರ್ಡು, ಆಧಾರ, ಪಾಸಬುಕ್ಕು, ಹೊಲದ ಉತಾರ, ಮಕ್ಕಳ ಮಾರ್ಕ್ಸಕಾರ್ಡು, ಯಾರದು ಏನು ಹರದು ಹೋಗೇದ ಅಂತ ಬ್ಯಾರೆ ಪಟ್ಟಿ. ಆ ಹೆಣ್ಣಮಗಳಿಗೆ ಅರ್ಜಿ ಬರದುಕೊಟ್ಟು ಸಂಗತೀಲೆ ಹೋಗಿ ಕೊಟ್ಟೂ ಬಂದ್ರು. "ಮತ್ತೊಮ್ಮೆ ಬಂದು ನೋಡತೀವಿ" ಅಂದಾರಂತ. ನಾ ಇದನ್ನ ಬರಿಯೂತನಕ ಯಾರೂ ಬಂದಿಲ್ಲ.

ರಿಪೋರ್ಟಿನ ಮುಖಪುಟಕ್ಕ ಅಳೋ ಮಾರಿ ಒಂದಿದ್ರ ಛಂದ ಕಾಣತದ ಅಂತ ಕ್ಯಾಂಪಿನಾಗ ಯಾರೋ ಅಂದ್ರಂತ. ನಮ್ಮ ಹುಡುಗಿ ಒಪ್ಪಲಿಲ್ಲ. ಟೇಪ್ ಹಿಡದ ಗ್ವಾಡೀನ ಹಚ್ಚಿದ್ಲು. "ಮಾರ್ಕ್ಸ್ ಕಡಿಮಿ ಬಿದ್ದೀತು" ಅಂತ ಅವರಪ್ಪ ಹೆದರಿಸಿದಾಗ ನಾ ನಡುವ ಬಾಯಿ ಹಾಕಿದೆ: ಎನ್‌ಎಸ್‌ಎಸ್ ಶುರು ಆಗಿ 2019ರ ಸೆಪ್ಟೆಂಬರಿಗೆ 50 ವರ್ಷ ಆತು, ಅವರ ಘೋಷಣಾನ ‘ನನಗಲ್ಲ, ನಿನಗೆ’ ಅಂತ ಅದ, ಮತ್ತ ಮಾರ್ಕ್ಸಿನ ಮಾತು ಯಾಕ ಅಂತ. ಕಾಗುಣಿತ ಅಷ್ಟ ತಿದ್ದಿಕೊಟ್ಟೆ. ‘ಗ್ವಾಡಿ’ ಅನ್ನೋದನ್ನ ‘ಗೋಡೆ’ ಮಾಡಲಿಲ್ಲ. ಆಕಿ ಅಂದದ್ದು ಗ್ವಾಡೀನ.

ನಾವೆಲ್ಲಾ ಒಂದು ಕೆಲಸ ಮಾಡೋಣ. ನಮ್ಮ ಮೊಬೈಲಿನಾಗ ಮದವಿ, ಕುಬಸ, ತೊಟ್ಟಲದ ಫೋಟೋ ಸಾವಿರ ಅವ. ಮನಿ ನಾಕೂ ಗ್ವಾಡಿ ಫೋಟೋ ಒಂದೂ ಇಲ್ಲ. ಈ ಐತವಾರ ಅವನ್ನ ತಕ್ಕೋರಿ, ಕಾಗದ ಪತ್ರ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಂಟು ಕಟ್ಟಿ ಅಟ್ಟದ ಮ್ಯಾಲೆ ಇಡ್ರಿ. ಮುಂದಿನ ಸಲ ಹೊಳಿ ದಂಡಿ ಬೀಗರಿಗೆ ರೊಟ್ಟಿ ಕಳಿಸೋವಾಗ ಇದನ್ನೂ ಹೇಳಿ ಕಳಸ್ರಿ.