ಮೊದಲು ನೀರು, ಆಮೇಲೆ ಮೋಟರು

ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಬೇಕೆ ಬೇಡವೆ ಎಂಬುದು ತೀರ್ಮಾನಕ್ಕಿಂತ ಚರ್ಚೆಯೇ ಹೆಚ್ಚು ರುಚಿಸುವ ವಿಷಯ. ಕಾಸು ಬಿಚ್ಚದೆ ಕೊಳ್ಳುವ ಸುಖವೆಲ್ಲ ಇದರಲ್ಲಿ ಸಿಗುತ್ತದೆ. ಕೋಲಾರದ ನಮ್ಮ ಮನೆಯ ಮೂಲೆ ಹಿಡಿದಿರುವ ಅಸೆಂಬಲ್ಡ್ ಸಿಸ್ಟಮ್ಮಿನದು ಇಂಟೆಲ್ ಐ3-2100. 2011ರ ಚಿಪ್ಪು, ಎರಡು ಕೋರು, 3.1 ಗಿಗಾಹರ್ಟ್ಸ್. ನುಡಿ ತಂತ್ರಾಂಶದಲ್ಲಿ ನಾಲ್ಕು ಸಾಲು ಟೈಪ್ ಮಾಡುವುದಕ್ಕೆ, ಪಹಣಿ ನೋಡುವುದಕ್ಕೆ, ಹಳೆಯ ಹಾಡು ಕೇಳುವುದಕ್ಕೆ ಧಾರಾಳವಾಗಿತ್ತು. ಈಚೆಗೆ ಅದಕ್ಕೆ ಸೋಮಾರಿತನ ಹತ್ತಿತು. ಗುಂಡಿ ಒತ್ತಿ ಒಳಗೆ ಹೋಗಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಪ್ರೊಸೆಸರ್ ಬದಲಿಸಿದರೆ ಹೇಗೆ ಎಂಬ ಹುಳ ತಲೆಗೆ ಹೊಕ್ಕಿದ್ದು ಆಗ.

ಬೋರ್ಡು ಎಚ್61. ಅದರ ಸಾಕೆಟ್ಟಿನ ಹೆಸರು 1155. ಚಿಪ್ಪನ್ನು ಮುಟ್ಟುವ ಕೂದಲೆಳೆಯಂಥ ಪಿನ್ನುಗಳೂ ಅಷ್ಟೇ. ಇದರಲ್ಲಿ ಕೂರುವುದು ಎರಡನೆಯ ಮತ್ತು ಮೂರನೆಯ ತಲೆಮಾರಿನ ಪ್ರೊಸೆಸರುಗಳು ಮಾತ್ರ. 2012ರ ಐ5-3470ರಲ್ಲಿ ನಾಲ್ಕು ಕೋರುಗಳಿವೆ. ಅದೇ ವರ್ಷದ ಐ7-3770ರಲ್ಲಿ ಕೋರು ನಾಲ್ಕೇ ಆದರೂ ಒಮ್ಮೆಗೆ ಎಂಟು ಎಳೆಯ ಕೆಲಸ ನಡೆಸುವ ಚಾಕಚಕ್ಯತೆಯಿದೆ. ಹೆಚ್ಚುಕಡಿಮೆ ಅಲ್ಲಿಗೆ ಮೆಟ್ಟಿಲು ಮುಗಿಯಿತು. ಜೇಬಿನಲ್ಲಿ ಎಷ್ಟಿದ್ದರೂ ಅದರಾಚೆ ಹತ್ತುವಂತಿಲ್ಲ ಎನ್ನುವುದು ಒಂದು ನೆಮ್ಮದಿ. ಆಫೀಸುಗಳು ಮಾರಿಹಾಕಿದ ಸಿಸ್ಟಮ್ಮುಗಳಿಂದ ಕಳಚಿದ ಇಂಥ ಚಿಪ್ಪುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಸಲಹೆಗೆ ಬರವೇ? ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಒಂದೇ ಮಾತಿಗೆ ಮುಗಿಸಿದ: "ಚಿಕ್ಕಪ್ಪ, ಅದನ್ನ ಗುಜರಿಗೆ ಹಾಕಿ." ಅವನ ಕೈಯಲ್ಲಿ ಗಟ್ಟಿ ದಾಖಲೆಯೇ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲಿನಲ್ಲಾದರೆ ಎಂಟನೆಯ ತಲೆಮಾರು ಅಥವಾ ಅದರಿಂದೀಚಿನದು, ಜೊತೆಗೆ ಟಿಪಿಎಂ 2.0. ಐ7 ಹಾಕಿಸಿದರೂ ಆ ಬಾಗಿಲು ನಮಗೆ ತೆರೆಯುವುದಿಲ್ಲ.

ಮುಳಬಾಗಿಲಿನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯ ಮೊದಲು ದೋಸೆ ತಿನ್ನಿಸಿ ಆಮೇಲೆ ಬಾಯಿಬಿಟ್ಟ. ಆ ಊರಿನ ದೋಸೆಯ ಮುಂದೆ ಯಾವ ಚರ್ಚೆಯಾದರೂ ಸ್ವಲ್ಪ ಕಾಯಲೇಬೇಕು. "ಲಗ್ನಪತ್ರಿಕೆ ಮಾಡೋ ಸಿಸ್ಟಮ್ಮು ಇನ್ನೂ ಕೋರ್ ಟು ಡ್ಯುಯೋ ಕಣೋ. ಪೇಜ್‌ಮೇಕರಿಗೆ ಅದೇ ಜಾಸ್ತಿ. ಮದುವೆ ವಿಡಿಯೊ ಎಡಿಟಿಂಗ್ ಮಾಡೋದಕ್ಕೆ ಮಾತ್ರ ಐ3 ತೆಗೆದು ಐ5 ಹಾಕ್ಸಿದೆ. ಕಾಸಿಗೆ ಮೋಸ ಇಲ್ಲ." ಕೈ ತೊಳೆಯುತ್ತ ಇನ್ನೊಂದು ಎಚ್ಚರಿಕೆ ಕೊಟ್ಟ. ಎಚ್61 ಬೋರ್ಡಿಗೆ ಮೂರನೆಯ ತಲೆಮಾರಿನ ಚಿಪ್ಪಿನ ಗುರುತು ಹತ್ತಬೇಕಾದರೆ ಎಷ್ಟೋ ಸಲ ಬಯೋಸ್ ಅಪ್‌ಡೇಟ್ ಮಾಡಬೇಕಾಗುತ್ತದೆ. ಅದರ ನಡುವೆ ಕರೆಂಟು ಹೋದರೆ ಬೋರ್ಡೇ ಕೈಬಿಡಬಹುದು. ನಮ್ಮ ಕಡೆಯ ಕರೆಂಟನ್ನು ನೆನೆದು ನನ್ನ ಉತ್ಸಾಹ ಒಂದು ಗೇಣು ಇಳಿಯಿತು.

ಶ್ರೀನಿವಾಸಪುರದ ಭಾವನಿಗೆ ಮಾವಿನ ತೋಪಿದೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಬೋರು ಗೊತ್ತು. ಸಾವಿರ ಅಡಿ ಕೊರೆದರೂ ನೀರು ಬಿದ್ದೀತೆಂಬ ಭರವಸೆಯಿಲ್ಲದ ಸೀಮೆಯವರು. ನನ್ನ ಪುರಾಣವನ್ನೆಲ್ಲ ಕೇಳಿಸಿಕೊಂಡು, "ಅದೆಲ್ಲ ಇರ್ಲಪ್ಪ, ಒಳಗೆ ನೀರೆಷ್ಟದೆ ನೋಡ್ದಾ? ಎರಡಿಂಚು ನೀರಿಗೆ ದೊಡ್ಡ ಮೋಟರ್ ಇಳಿಸಿದ್ರೆ ಗಾಳಿ ಎಳೀತದೆ ಅಷ್ಟೆ" ಎಂದರು.

ಮನೆಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆದೆ. ಭಾವನ ಮಾತು ಅಲ್ಲಿ ಅಂಕಿಗಳಲ್ಲಿ ಬರೆದಿತ್ತು. ಪ್ರೊಸೆಸರ್ ಆರಾಮಾಗಿ ಕಾಲು ಚಾಚಿತ್ತು. ಡಿಸ್ಕು ಮಾತ್ರ 100 ಪರ್ಸೆಂಟಿನಲ್ಲಿ ಏದುಸಿರು ಬಿಡುತ್ತಿತ್ತು. ನಿಮಿಷಕ್ಕೆ 7200 ಸುತ್ತು ಹಾಕುವ ಹಾರ್ಡ್‌ಡಿಸ್ಕಿನ ಒಂದು ಸುತ್ತಿಗೆ 8 ಮಿಲಿಸೆಕೆಂಡು ಚಿಲ್ಲರೆ. ಚದುರಿಬಿದ್ದ ಸಣ್ಣಪುಟ್ಟ ಕಡತಗಳನ್ನು ಹೆಕ್ಕುವಾಗ ಅದರ ಮುಳ್ಳು ಅತ್ತಿಂದಿತ್ತ ಓಡಾಡಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಹೆಕ್ಕಿದರೆ ಹೆಚ್ಚು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದನ್ನೇ ಸಾವಿರಾರು ಸಲ ಮಾಡುತ್ತದೆ. ಹಾರ್ಡ್‌ಡಿಸ್ಕು ಹೆಕ್ಕುವಷ್ಟು ಹೊತ್ತೂ ಸೆಕೆಂಡಿಗೆ ನೂರಾರು ಕೋಟಿ ಮಿಡಿತಗಳ ಪ್ರೊಸೆಸರ್ ಸುಮ್ಮನೆ ಬಾಯಿ ತೆರೆದು ಕೂತಿರುತ್ತದೆ. ಅದರ ಜಾಗಕ್ಕೆ ಐ7 ಬಂದರೆ ಇನ್ನೂ ದೊಡ್ಡ ಬಾಯಿ ತೆರೆದು ಕೂರುತ್ತದೆ, ಅಷ್ಟೆ.

ಹಾಗೆಂದು ಮೋಟರ್ ಬದಲಿಸುವುದೇ ತಪ್ಪೆಂದಲ್ಲ. ನಮ್ಮ ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಮೊದಲು ಉಗಿಯಂತ್ರಗಳಿದ್ದವು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ ತಂದರು. ಅಲ್ಲಿ ಕಾಸು ನುಂಗುತ್ತಿದ್ದದ್ದು ಉಗಿಗೆ ಸುಡುವ ಇಂಧನವೇ ಆದ್ದರಿಂದ ಬದಲಾಗಬೇಕಾದದ್ದೂ ಅದೇ ಆಗಿತ್ತು. ಮುಳಬಾಗಿಲಿನ ಗೆಳೆಯನ ಲೆಕ್ಕವೂ ಅಂಥದ್ದೇ. ವಿಡಿಯೊ ಕಟ್ಟುವಾಗ ಅವನ ಪ್ರೊಸೆಸರ್ ನಿಜಕ್ಕೂ ಬೆವರುತ್ತದೆ. ಹಳೆಯ ಯಂತ್ರವೊಂದು ಎಲ್ಲ ಭಾಗಗಳಲ್ಲೂ ಒಟ್ಟಿಗೆ ಮುದುಕಾಗುವುದಿಲ್ಲ. ಮುಪ್ಪು ಎಲ್ಲಿ ಹಿಡಿದಿದೆ ಎಂದು ಹುಡುಕುವುದೇ ಅರ್ಧ ರಿಪೇರಿ.

ನಾನು ಹಾಕಿಸಿದ್ದು ಒಂದು ಎಸ್‌ಎಸ್‌ಡಿ, ಮೇಲೆ ಇನ್ನೊಂದು 4 ಜಿಬಿ ರ‍್ಯಾಮ್. ಎಚ್61ರ ಹಳೆಯ ಸಾಟಾ ಕೊಂಡಿಯಲ್ಲಿ ಎಸ್‌ಎಸ್‌ಡಿಯ ಪೂರ್ಣ ಓಟ ಸಿಗದು, ಆದರೆ ಸಿಕ್ಕಿದ್ದೇ ಬೆರಗು ಹುಟ್ಟಿಸುವಷ್ಟಾಯಿತು. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೆ. ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಅಲ್ಲೂ ಇದೆ. ಕಾಫಿ ಕುಡಿಯುವುದಕ್ಕೆ ಈಗ ಬೇರೆ ನೆಪ ಹುಡುಕಬೇಕು.

ಇಷ್ಟಾದ ಮೇಲೂ ಎಸ್.ಪಿ. ರಸ್ತೆಯ ಕಡೆ ಹೋದಾಗ ಟ್ರೇಗಳಲ್ಲಿ ಸಾಲಾಗಿ ಮಲಗಿರುವ ಐ7ಗಳನ್ನು ಕಂಡು ಕಾಲು ನಿಧಾನವಾಗುತ್ತದೆ. ಫ್ಯಾನ್ ಬಿಚ್ಚಿ, ಒಣಗಿದ ಪೇಸ್ಟ್ ಒರೆಸಿ, ಸಾಕೆಟ್ಟಿನ ಸಣ್ಣ ಸರಳನ್ನು ಎತ್ತಿ ಚಿಪ್ಪನ್ನು ಬೆರಳ ತುದಿಯಲ್ಲಿ ಕೂರಿಸುವ ಆಸೆ ಬೇರೆಯದೇ. ಟಾಸ್ಕ್ ಮ್ಯಾನೇಜರಿನಲ್ಲಿ ಅದಕ್ಕೆ ಕಾಲಂ ಇಲ್ಲ. ಇಂದಲ್ಲ ನಾಳೆ ಒಂದನ್ನು ತಂದೇನು. ಅದನ್ನು ಕಂಪ್ಯೂಟರ್ ರಿಪೇರಿ ಎಂದು ಬರೆಯದೆ ಷೋಕಿಯ ಲೆಕ್ಕಕ್ಕೆ ಬರೆದರಾಯಿತು, ಭಾವನೂ ಆಕ್ಷೇಪಿಸಲಾರರು.