ತಿರುಳ್ಗನ್ನಡದ ನಾಡಿನಲ್ಲಿ ಹೇಳದೆ ಉಳಿದ ಮಾತು

ಗದಗ ರೈಲು ನಿಲ್ದಾಣದಲ್ಲಿ ಇಳಿದು ವೀರೇಶ್ವರ ಪುಣ್ಯಾಶ್ರಮದ ದಾರಿ ಕೇಳಿದರೆ ಸಣ್ಣ ಹುಡುಗರೂ ಕೈಮಾಡಿ ತೋರಿಸುತ್ತಾರೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಬೆಳೆಸಿದ ಸಂಸ್ಥೆ ಇದು. ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರೂ ಇಲ್ಲಿ ಒಂದೇ ಸೂರಿನಡಿ ಸಿಕ್ಕವು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವ ಹೊತ್ತಿಗೆ ಇಲ್ಲಿ ಕಲಿತವರು ನಾಡಿನ ಉದ್ದಗಲಕ್ಕೂ ಹಾಡುತ್ತಿದ್ದರು, ನುಡಿಸುತ್ತಿದ್ದರು. ಮನೆಯಲ್ಲಿ ಒಬ್ಬನೇ ಮೂಲೆ ಹಿಡಿದು ಕುಳಿತಿದ್ದ ಹುಡುಗ ತನ್ನಂಥ ಇತರರ ನಡುವೆ ಬಂದಾಗ ಏನಾಗಬಲ್ಲನೆಂಬುದನ್ನು ಈ ಆಶ್ರಮ ತೋರಿಸಿಕೊಟ್ಟಿದೆ.

ಊರಿಗೆ ಸಮೀಪದ ಕಣಗಿನಹಾಳದ ಕಥೆಯೂ ಇಂಥದೇ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರನ್ನು ಕೂಡಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. ಒಬ್ಬನೇ ನಿಂತಾಗ ಸಾಹುಕಾರನ ಬಡ್ಡಿಗೆ ಸಿಕ್ಕಿಬೀಳುವ ರೈತ, ಹತ್ತು ಮಂದಿ ಕೂಡಿದಾಗ ತಲೆಯೆತ್ತಿ ನಡೆಯಬಲ್ಲ ಎಂಬುದೇ ಅದರ ತತ್ವ. ದೇಶದ ಸಹಕಾರ ಚಳವಳಿಗೆ ಈ ಪುಟ್ಟ ಹಳ್ಳಿ ಮೊದಲ ಪಾಠಶಾಲೆಯಾಯಿತು.

ಹೀಗೆ ಒಂಟಿಯಾದವರಿಗೆ ಜಾಗ ಮಾಡಿಕೊಟ್ಟ ಸೀಮೆಯಲ್ಲಿ ಇನ್ನೂ ಜಾಗ ಸಿಗದ ಒಬ್ಬ ಹುಡುಗನಿದ್ದಾನೆ. ಅವನು ಬೆಟಗೇರಿಯ ನೇಕಾರರ ಓಣಿಯವನಿರಬಹುದು, ಮುಂಡರಗಿಯ ಹಾಸ್ಟೆಲಿನವನಿರಬಹುದು. ಎಂಟನೆಯೋ ಒಂಬತ್ತನೆಯೋ ಇಯತ್ತೆಯಲ್ಲಿ ಗೆಳೆಯರೆಲ್ಲ ಹುಡುಗಿಯರ ಮಾತಾಡತೊಡಗಿದಾಗ ತನ್ನ ಮನಸ್ಸು ಹುಡುಗರ ಕಡೆಗೆ ವಾಲುತ್ತಿರುವುದು ಅವನಿಗೆ ತಿಳಿಯುತ್ತದೆ. ಅದನ್ನು ಅವ್ವನ ಮುಂದೆ ಹೇಳುವಂತಿಲ್ಲ, ಗೆಳೆಯರ ಮುಂದಂತೂ ಸಾಧ್ಯವೇ ಇಲ್ಲ. ಜಗತ್ತಿನಲ್ಲಿ ಹೀಗಿರುವವನು ತಾನೊಬ್ಬನೇ ಎಂದುಕೊಂಡು ಅವನು ಬೆಳೆಯುತ್ತಾನೆ.

ಅಂಧತ್ವಕ್ಕೂ ಇದಕ್ಕೂ ಹೋಲಿಕೆ ಇರುವುದು ಒಂಟಿತನದಲ್ಲಿ ಮಾತ್ರ. ಸಲಿಂಗಾಕರ್ಷಣೆ ಊನವೂ ಅಲ್ಲ, ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ 4.7 ಲಕ್ಷಕ್ಕೂ ಹೆಚ್ಚು ಜನರ ಜೀನುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಇದಕ್ಕೆಂದೇ ಒಂದು ಜೀನ್ ಇಲ್ಲ, ಹಲವು ಜೀನುಗಳ ಅಲ್ಪಸ್ವಲ್ಪ ಪಾಲು ಹಾಗೂ ಬೇರೆ ಅಂಶಗಳು ಸೇರಿ ಇದು ರೂಪುಗೊಳ್ಳುತ್ತದೆ ಎಂದು ಕಂಡುಕೊಂಡರು. ಇದು ಸಹವಾಸದಿಂದ ಅಂಟುವುದಿಲ್ಲ. ಬೈದರೆ, ಹೊಡೆದರೆ, ಮದ್ದು ಕೊಟ್ಟರೆ ಹೋಗುವುದೂ ಇಲ್ಲ. ಹೀಗೆ 'ಬದಲಾಯಿಸುತ್ತೇವೆ' ಎಂದು ಚಿಕಿತ್ಸೆ ನೀಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ.

ಪುಲಿಗೆರೆಯ ಕನ್ನಡ

ಗದಗಿನಿಂದ ಲಕ್ಷ್ಮೇಶ್ವರದ ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಹತ್ತಿ, ಶೇಂಗಾ, ಮೆಣಸಿನಕಾಯಿಯ ಹೊಲಗಳು. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಸೋಮೇಶ್ವರ ಗುಡಿಯಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಅಪರೂಪದ ಮೂರ್ತಿಯನ್ನು ನೋಡಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತವರಿಗೆ ಇದೆಲ್ಲ ನೆನಪಾಗದೆ ಇರದು.

ಇಷ್ಟು ಸಿರಿವಂತ ನುಡಿಯ ಆಡುಮಾತಿನಲ್ಲಿ ಆ ಹುಡುಗನ ಕಿವಿಗೆ ಬೀಳುವುದು ಬೈಗುಳ ಮಾತ್ರ. ಮರ್ಯಾದೆಯ ಶಬ್ದ ಸಿಗದವನಿಗೆ ತನ್ನ ಬಗ್ಗೆ ತಾನು ಯೋಚಿಸುವುದೂ ಕಷ್ಟ. ಈ ಕೊರತೆಯನ್ನು ಕನ್ನಡದಲ್ಲಿ ನೀಗಿಸಿದವರಲ್ಲಿ ಮುಖ್ಯರು ಕಥೆಗಾರ ವಸುಧೇಂದ್ರ.

ವಸುಧೇಂದ್ರರು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿದವರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಹುಕಾಲ ದುಡಿದರು. ತಾಯಿಯನ್ನು ಕುರಿತು ಅವರು ಬರೆದ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಎಷ್ಟೋ ಮನೆಗಳಲ್ಲಿ ತಾಯಿ ಮಕ್ಕಳು ಕೂಡಿ ಓದಿದ ಪುಸ್ತಕ. ಅದೇ ಲೇಖಕ 2013ರಲ್ಲಿ 'ಮೋಹನಸ್ವಾಮಿ' ಎಂಬ ಕಥಾಸಂಕಲನವನ್ನು ಪ್ರಕಟಿಸಿದರು. ಸಲಿಂಗಿ ತರುಣನೊಬ್ಬನ ಪ್ರೀತಿ, ಅವಮಾನ, ಅಂಜಿಕೆ, ಆಸೆಗಳ ಕಥೆಗಳವು. ಮೊದಲ ಕಥೆಯನ್ನು ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ್ದವರು ಪುಸ್ತಕಕ್ಕೆ ಸ್ವಂತ ಹೆಸರನ್ನೇ ಇಟ್ಟರು; ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಅಷ್ಟು ಓದಿದವರಿಗೆ, ಅಷ್ಟು ಬರೆದವರಿಗೆ ಒಂದು ಮಾತು ಹೇಳಲು ಅಷ್ಟು ವರ್ಷ ಬೇಕಾಯಿತೆಂದರೆ ಆ ಮೌನದ ಭಾರವನ್ನು ಊಹಿಸಬಹುದು.

ಪುಸ್ತಕ ಬಂದ ಮೇಲೆ ಸಣ್ಣ ಊರುಗಳಿಂದ ತರುಣರು ಅವರನ್ನು ಹುಡುಕಿಕೊಂಡು ಮಾತಾಡತೊಡಗಿದರು. ಅವರಿಗೆ ಸರಿಯಾಗಿ ಕಿವಿಗೊಡಬೇಕೆಂದು ವಸುಧೇಂದ್ರರು ಆಪ್ತಸಮಾಲೋಚನೆಯನ್ನೂ ಕಲಿತರು. ತಾನೊಬ್ಬನೇ ಎಂದುಕೊಂಡಿದ್ದವನಿಗೆ ಕನ್ನಡದಲ್ಲೇ, ತನ್ನ ಸೀಮೆಗೆ ಹತ್ತಿರದವನೇ ಒಬ್ಬ ಜೊತೆಗಾರ ಸಿಕ್ಕಂತಾಯಿತು.

ಶಿರಹಟ್ಟಿಯ ಮಠ, ಮನೆಯ ಪಡಸಾಲೆ

ಲಕ್ಷ್ಮೇಶ್ವರಕ್ಕೆ ಶಿರಹಟ್ಟಿ ದೂರವೇನಲ್ಲ. ಅಲ್ಲಿಯ ಫಕ್ಕೀರೇಶ್ವರ ಮಠ ಹಿಂದೂ ಮುಸ್ಲಿಮ್ ಭಾವೈಕ್ಯದ ಪೀಠ. ಸ್ವಾಮಿಗಳ ಹೆಸರಿನಲ್ಲೇ 'ಫಕೀರ' ಎಂಬ ಶಬ್ದ ಕೂಡಿಕೊಂಡಿದೆ. ಎರಡು ಧರ್ಮಗಳ ಭಕ್ತರು ಒಂದೇ ಗದ್ದುಗೆಗೆ ನಡೆದುಕೊಳ್ಳುವುದನ್ನು ಈ ಊರು ವಿಚಿತ್ರವೆಂದು ಎಣಿಸಿಲ್ಲ. ಅದು ಇಲ್ಲಿಯ ದಿನನಿತ್ಯದ ಬಾಳು.

ಹೊರಗೆ ಇಷ್ಟು ದೊಡ್ಡ ಮನಸ್ಸಿನ ಜನ, ತಮ್ಮ ಮನೆಯ ಪಡಸಾಲೆಯಲ್ಲಿ ಮಗ ಇಂಥ ಮಾತು ಹೇಳಿದಾಗ ತಲ್ಲಣಿಸುವುದು ಸಹಜವೇ. 'ನಾಲ್ಕು ಮಂದಿ ಏನಂದಾರು' ಎಂಬ ಚಿಂತೆ ಮೊದಲು ಬರುತ್ತದೆ. ಎರಡನೆಯದಾಗಿ ತೋಚುವುದು ಮದುವೆ. 'ಲಗ್ನ ಆದ್ರ ಎಲ್ಲಾ ಸರಿಹೋಗ್ತದ' ಎಂದು ಹಿರಿಯರು ನಂಬಿಸುತ್ತಾರೆ. ಆದರೆ ಲಗ್ನದಿಂದ ಆಕರ್ಷಣೆ ಬದಲಾಗುವುದಿಲ್ಲ. ಏನೂ ಅರಿಯದ ಒಬ್ಬ ಹೆಣ್ಣುಮಗಳು ತನ್ನಲ್ಲೇ ಏನೋ ಕೊರತೆ ಇದೆಯೆಂದು ಕೊರಗುತ್ತ ಬಾಳಬೇಕಾಗುತ್ತದೆ. ಇನ್ನೊಬ್ಬರ ಮಗಳ ಬದುಕನ್ನು ಪಣಕ್ಕಿಟ್ಟು ತಮ್ಮ ಮನೆಯ ಮಾನ ಕಾಯುವುದು ಯಾವ ನ್ಯಾಯ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ತಮಗೆ ತಾವೇ ಹಾಕಿಕೊಳ್ಳಬೇಕು.

ಹೊಳೆಯ ದಂಡೆಯಲ್ಲಿ

ಕಪ್ಪತಗುಡ್ಡದ ಸಾಲನ್ನು ಕಾಣುತ್ತ ಸಾಗಿದರೆ ಮುಂಡರಗಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ವಸುಧೇಂದ್ರರ 'ತೇಜೋ ತುಂಗಭದ್ರಾ' ಕಾದಂಬರಿ ಇದೇ ಹೊಳೆಯ ಹೆಸರನ್ನು ಹೊತ್ತಿದೆ. ಕೆಳಗಿನ ದಂಡೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿ. ಅಲ್ಲಿಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಹೋಗುವ ಈ ಸೀಮೆಯ ಭಕ್ತರು ಜೋಗಪ್ಪಗಳಿಗೆ ಕೈಮುಗಿಯುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಅರಿಯುವುದು ಬೇರೆ. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವುದು ಬೇರೆ. ಜೋಗಪ್ಪಗಳಿಗೆ ಗುಡಿಯ ಅಂಗಳದಲ್ಲಾದರೂ ಒಂದು ಸ್ಥಾನವಿತ್ತು. ಸಲಿಂಗಿ ತರುಣನಿಗೆ ಅಷ್ಟೂ ಇರಲಿಲ್ಲ.

ಅವನು ಸಂಗಡಿಗರನ್ನು ಹುಡುಕಿ ರಾತ್ರಿಯ ರೈಲು ಹತ್ತಬೇಕಾಗಿತ್ತು. ಬೆಂಗಳೂರಿನಲ್ಲಿ 1994ರಲ್ಲಿ 'ಗುಡ್ ಆ್ಯಸ್ ಯೂ' ಎಂಬ ಬಳಗ ಹುಟ್ಟಿತು. ವಾರಕ್ಕೊಮ್ಮೆ, ಗುರುವಾರ ಸಂಜೆ ಕೂಡುವುದು, ಕಷ್ಟಸುಖ ಹಂಚಿಕೊಳ್ಳುವುದು ಅದರ ಪದ್ಧತಿ. 2008ರಲ್ಲಿ ಅದೇ ನಗರದಲ್ಲಿ ಮೊದಲ ಹೆಮ್ಮೆಯ ಮೆರವಣಿಗೆ ನಡೆಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರಿಬ್ಬರ ಒಪ್ಪಿಗೆಯ ಸಲಿಂಗಪ್ರೇಮ ಅಪರಾಧವಲ್ಲವೆಂದು ತೀರ್ಪಿತ್ತಿತು. ಇಂಥ ಜೋಡಿಗಳಿಗೆ ಮದುವೆಯ ಹಕ್ಕನ್ನು 2023ರಲ್ಲಿ ಅದೇ ನ್ಯಾಯಾಲಯ ಕೊಡಲಿಲ್ಲ. ಅಂದರೆ ದಾರಿ ಅರ್ಧ ಸವೆದಿದೆ.

ಉಳಿದ ಅರ್ಧ ಊರಿನಲ್ಲೇ ಸವೆಯಬೇಕು. ಶಾಲೆಯಲ್ಲಿ ಒಬ್ಬ ಹುಡುಗನನ್ನು ಅವನ ನಡಿಗೆ, ದನಿಗಾಗಿ ಅಣಕಿಸುವಾಗ ಉಳಿದವರು ನಗದೆ ಇದ್ದರೆ ಅದು ಒಂದು ಹೆಜ್ಜೆ. ಯಾರಾದರೂ ನಂಬಿ ಹೇಳಿದ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕದಿರುವುದು ಇನ್ನೊಂದು. ಮನಸ್ಸು ಬಹಳ ಕುಗ್ಗಿದಾಗ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸಂಜೆಯ ಬಸ್ಸು ಮುಂಡರಗಿಯಿಂದ ಗದಗಿಗೆ ಹೊರಡುವಾಗ ಕಾಲೇಜು ಮುಗಿಸಿದ ಹುಡುಗರಿಂದ ತುಂಬಿರುತ್ತದೆ. ಅವರಲ್ಲಿ ಯಾವನು ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಕುಳಿತಿದ್ದಾನೋ ಮುಖ ನೋಡಿ ಹೇಳಲಾಗದು. ಎಂದಾದರೊಂದು ದಿನ ಅವನು ಬಾಯಿಬಿಟ್ಟಾಗ ಉಪದೇಶದ ಅಗತ್ಯವೇನೂ ಇಲ್ಲ. 'ಬಾರಪಾ, ಊಟಕ್ಕ ಕೂಡು' ಎಂದು ಅವ್ವ ಎಂದಿನಂತೆ ತಾಟು ಇಟ್ಟರೆ, ಅಪ್ಪ ಪಕ್ಕದಲ್ಲಿ ಕುಳಿತರೆ, ಅವನಿಗೆ ಊರು ಸಿಕ್ಕಂತೆ.